ಹುಳದ ಮನೆಯ ಬೀಗದ ಕೈ

"ಒಳಗೆ ಯಾರೂ ಬರಂಗಿಲ್ಲ," ಎಂದು ದೊಡ್ಡಮುನಿಯಮ್ಮ ರೇಷ್ಮೆ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತು, ಚೌಕಟ್ಟಿನ ಎರಡೂ ಕಡೆಗೆ ಕೈ ಕೊಟ್ಟಳು. "ಡಿಸಿ ಬಂದ್ರೂ ಇಲ್ಲ, ನಿಮ್ ಸರ್ಕಾರ ಬಂದ್ರೂ ಇಲ್ಲ. ಹೊರಗಿನೋರ ಕಣ್ಣು ಬಿದ್ರೆ ಹುಳ ಕೆಡ್ತದೆ."

ಅಂಗಳದಲ್ಲಿ ಇಪ್ಪತ್ಮೂರು ಮಕ್ಕಳು ಇಬ್ಬಿಬ್ಬರಾಗಿ ಸಾಲು ನಿಂತಿದ್ದರು. ಸಾಲಿನ ಮುಂದೆ ಅವಳದೇ ಮೊಮ್ಮಗಳು ಮುನಿಗಂಗಮ್ಮ, ಊರೆಲ್ಲ ಗಂಗಿ ಎಂದು ಕರೆಯುವ ಹನ್ನೆರಡರ ಹುಡುಗಿ, ಬಿಗಿಯಾಗಿ ಎರಡು ಜಡೆ ಹಾಕಿಕೊಂಡು, ಅವಮಾನಕ್ಕೆ ತಲೆ ತಗ್ಗಿಸಿ ನಿಂತಿದ್ದಳು. ಸಾಲಿನ ಕೊನೆಯಲ್ಲಿ ಕೊಡೆ ಹಿಡಿದು ನಿಂತವಳು ಶಾಮಲಮ್ಮ ಟೀಚರು. ಅವತ್ತು ಶನಿವಾರ, ಅವತ್ತಿನ ಪಾಠ ಗಂಗಿಯದು.

ಈ ಶನಿವಾರದ ಪಾಠದ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಆ ವರ್ಷ, ಎಂದರೆ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು, ಮಕ್ಕಳ ವರ್ಷ ಎಂದು ಸಾರಿದ್ದರು. ಶ್ರೀನಿವಾಸಪುರದ ಎಜುಕೇಶನ್ ಆಫೀಸಿನಿಂದ ಈ ಚಿಂತಲಕುಂಟೆಯ ಸ್ಕೂಲಿಗೂ ಒಂದು ಬಣ್ಣದ ಹಾಳೆ ಬಂದಿತ್ತು. ಮಕ್ಕಳ ಹಕ್ಕುಗಳು ಎಂದು ಅದರಲ್ಲಿ ಹತ್ತು ಸಾಲು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಗೋಡೆಗೆ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಶಾಮಲಮ್ಮ ಹಾಗೆ ಮಾಡಲಿಲ್ಲ. "ಇದನ್ನ ಬಾಯಿಪಾಠ ಮಾಡೋದು ಬೇಡ, ನಡೆದು ನೋಡೋಣ," ಎಂದಳು. ಪ್ರತಿ ಶನಿವಾರ ಏಳನೇ ಕ್ಲಾಸಿನ ಒಂದು ಮಗುವಿನ ಮನೆಗೆ ಇಡೀ ಕ್ಲಾಸು ಹೋಗುವುದು, ಆ ಮನೆಯ ಕಸುಬನ್ನು ಆ ಮಗುವೇ ನಿಂತು ಕಲಿಸುವುದು. ಅವತ್ತು ಟೀಚರ್ ಅಂದರೆ ಆ ಮಗುವೇ. ಶಾಮಲಮ್ಮ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ತಿಳಿದುಕೊಂಡು ಬಂದು ಹೇಳಬೇಕು. ಅದೊಂದೇ ಕಾಯಿದೆ.

ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಖುದ್ದೂಸ್ ಸಾಬರ ಮನೆಯಲ್ಲಿ ಅವರ ಮಗಳು ಕರೀಮುನ್ನೀಸಾ ಬಿಸಿನೀರಿನ ಬಾಣಲೆಯಿಂದ ಎಳೆ ಎತ್ತುವುದನ್ನು ಕಲಿಸಿದಳು. ಕೆಳಗೇರಿಯಲ್ಲಿ ಕದಿರೇಶ ಎಂಬ ಹುಡುಗ ತಮಟೆ ಕಾಯಿಸಿ ಬಡಿಯುವುದನ್ನು ಕಲಿಸಿದ. ಅವತ್ತು ಊರೊಳಗಿನ ಏಳೆಂಟು ಮನೆಗಳಲ್ಲಿ ಮಕ್ಕಳನ್ನು ಹಿತ್ತಿಲಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿದು ಆಮೇಲೆ ಒಳಕ್ಕೆ ಬಿಟ್ಟುಕೊಂಡರು. ದೊಡ್ಡಮುನಿಯಮ್ಮನೂ ಗಂಗಿಯ ತಲೆಗೆ ಎರಡು ಬಿಂದಿಗೆ ಸುರಿದಿದ್ದಳು. ವಿಷಯ ಶಾಮಲಮ್ಮನ ಕಿವಿಗೆ ಬಿತ್ತು. ಅವಳು ಯಾರ ಮನೆಗೂ ಹೋಗಿ ಜಗಳ ಕಾಯಲಿಲ್ಲ. ಸೋಮವಾರ ಕದಿರೇಶನ ಕೈಯಿಂದ ಮೇಜಿನ ಮೇಲೆ ಅದೇ ಪೆಟ್ಟು ಹಾಕಿಸಿ, ಅದರ ತಾಳಕ್ಕೆ ಹದಿಮೂರರ ಮಗ್ಗಿ ಹೇಳಿಸಿದಳು. ಈಗ ಊರಿನ ಮಕ್ಕಳ ಬಾಯಲ್ಲಿ ಹದಿಮೂರರ ಮಗ್ಗಿ ಬರುವುದೇ ತಮಟೆಯ ತಾಳದಲ್ಲಿ. ಅದಕ್ಕೆ ಯಾರು ತಾನೇ ನೀರು ಸುರಿದಾರು.

"ಮಕ್ಕಳಿಗೆ ಒಂದು ವರ್ಷವಂತೆ. ಮುದುಕೀರ ವರ್ಷ ಯಾವಾಗ ಬರ್ತದೋ ನಿಮ್ ಮೇಷ್ಟ್ರಮ್ಮನ್ನ ಕೇಳು," ಎಂದು ದೊಡ್ಡಮುನಿಯಮ್ಮ ಮೊಮ್ಮಗಳನ್ನು ಎಷ್ಟೋ ಸಲ ಆಡಿಕೊಂಡಿದ್ದಳು. ಈಗ ಆ ವರ್ಷ ಸಾಲು ಕಟ್ಟಿಕೊಂಡು ಅವಳ ಬಾಗಿಲಿಗೇ ಬಂದು ನಿಂತಿತ್ತು.

ಹುಳದ ಮನೆಯ ಬೀಗದ ಕೈ ಅವಳ ಸೊಂಟದಲ್ಲಿ ನಲವತ್ತು ವರ್ಷದಿಂದ ಇತ್ತು. ಮದುವೆಯಾಗಿ ಬಂದ ಎರಡನೇ ವರ್ಷ ಅತ್ತೆ ಕೊಟ್ಟದ್ದು. ಮನೆಯವರಲ್ಲದೆ ಇನ್ನೊಬ್ಬರು ಆ ಬಾಗಿಲೊಳಗೆ ಕಾಲಿಟ್ಟಿರಲಿಲ್ಲ. ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವ ಕದಿರೇಶನ ತಾಯಿ ಮುತ್ಯಾಲಮ್ಮ ಕೂಡ ಹೊರೆಯನ್ನು ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ಇಳಿಸಿ ಹೋಗಬೇಕು. ಅಲ್ಲಿಂದ ಒಳಕ್ಕೆ ಮನೆಯವರೇ ತಬ್ಬಿಕೊಂಡು ಒಯ್ಯಬೇಕು. ಒಂದೇ ಒಂದು ಸಲ, ಮಗ ಕೋದಂಡರಾಮಪ್ಪ ಕೈಕೂಸಾಗಿದ್ದಾಗ, ಬಳೆಗಾರನೊಬ್ಬ ನೀರು ಕೇಳಿಕೊಂಡು ಬಂದವನು ಬಾಗಿಲಲ್ಲಿ ಇಣುಕಿದ್ದ. ನಾಲ್ಕೇ ದಿನಕ್ಕೆ ಹುಳ ಕಪ್ಪಾಗಿ ನಾರಿ, ಬುಟ್ಟಿ ಬುಟ್ಟಿ ತಿಪ್ಪೆಗೆ ಹೋಯಿತು. ಆ ಬಳೆಗಾರನ ಕಥೆಯನ್ನು ಅವಳು ಊರಿಗೆಲ್ಲ ಹೇಳಿದ್ದಳು.

ಈಗ ಅವಳ ಮಂಡಿ ಸೋತಿತ್ತು, ಕಣ್ಣು ಮಸುಕಾಗಿತ್ತು. ಮಗನಿಗೆ ಹೊಲ, ಸೊಸೆ ಭಾರತಮ್ಮನಿಗೆ ಒಲೆ, ಹಸು, ಎದೆಹಾಲಿನ ಕೂಸು. ಹುಳಕ್ಕೆ ಮನೆಯದೇ ಆದ ಒಂದು ಜೊತೆ ಕೈ ಬೇಕು, ಹೊರಗಿನವರ ಕೈ ಆಗದು. ಹಾಗಾಗಿ ದೊಡ್ಡಮುನಿಯಮ್ಮ ತೀರ್ಮಾನ ಮಾಡಿದ್ದಳು. ಈ ಬೆಳೆಯಾದ ಮೇಲೆ ಬೀಗದ ಕೈ ಗಂಗಿಗೆ; ದಸರಾ ರಜೆ ಮುಗಿದು ಸ್ಕೂಲು ತೆರೆದಾಗ ಗಂಗಿ ಹೋಗುವುದಿಲ್ಲ. ಮಗ ಹ್ಞೂ ಎಂದಿದ್ದ. ಬೀಗದ ಕೈ ಎಂದರೆ ಸಣ್ಣ ಮರ್ಯಾದೆಯಲ್ಲ, ಮೊಮ್ಮಗಳು ಹಿಗ್ಗುತ್ತಾಳೆ ಎಂದುಕೊಂಡು ಅವಳಿಗೂ ಹೇಳಿದ್ದಳು. ಗಂಗಿ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದಳು.

"ಸರಿ ಅಜ್ಜಿ," ಎಂದಳು ಶಾಮಲಮ್ಮ ಕೊಡೆ ಮಡಿಸುತ್ತ. "ನಿಮ್ಮ ಮನೆ, ನಿಮ್ಮ ಮಾತು. ಅಂಗಳದಲ್ಲಿ ಕೂತ್ಕೋಬಹುದಾ?"

"ಅಂಗಳಕ್ಕೇನು, ಕೂತ್ಕೊಳ್ರಿ. ಅಂಗಳ ಯಾರು ಬೇಡ ಅಂದ್ರು."

ದೊಡ್ಡಮುನಿಯಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹುಳದ ಬಿದಿರು ತಟ್ಟೆಗಳಿಗೆ ಸೊಪ್ಪು ಹಾಕತೊಡಗಿದಳು. ಇನ್ನು ಇವರು ಎದ್ದು ಹೋಗುತ್ತಾರೆ ಎಂದುಕೊಂಡಳು. ಹೊರಗೆ ಗಂಗಿಯ ಧ್ವನಿ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ.

"ಒಳಗೆ ಹೋಗೋಕಾಗಲ್ಲ. ಎಲ್ರೂ ಗೋಡೆ ಹತ್ರ ಬನ್ನಿ. ಕಿವಿ ಇಡಿ. ಯಾರೂ ಮಾತಾಡಬೇಡಿ."

ಮಕ್ಕಳೆಲ್ಲ ಮಣ್ಣಿನ ಗೋಡೆಯ ಉದ್ದಕ್ಕೂ ಕಿವಿ ಇಟ್ಟು ನಿಂತರು. ಟೀಚರೂ ಇಟ್ಟಳು. ಒಳಗೆ ಮೂವತ್ತು ಸಾವಿರ ಹುಳ ಒಟ್ಟಿಗೆ ಸೊಪ್ಪು ಕಡಿಯುತ್ತಿದ್ದವು. ತರಗೆಲೆಯ ಮೇಲೆ ಜಿನುಗು ಮಳೆ ಬೀಳುವಾಗ ಕೇಳುವ ಸದ್ದು.

"ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗ್ತದೆ, ಮೈಮೇಲಿನ ಪೊರೆ ಬಿಡ್ತದೆ," ಎಂದು ಗಂಗಿ ಹೇಳುತ್ತಿದ್ದಳು. "ಅದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೇ ಜ್ವರ ಎದ್ದ ಮೇಲೆ ತಿನ್ನೋ ತಿನ್ನಾಟ ಇದು. ಒಂದು ವಾರ ಹಿಂಗೇ ತಿಂದು, ಹಣ್ಣಾಗಿ, ಗೂಡು ಕಟ್ಟೋಕೆ ಶುರು ಮಾಡ್ತದೆ. ಹಣ್ಣಾದ ಹುಳಾನ ಅವತ್ತೇ ಆಯ್ದು ಚಂದ್ರಿಕೆ ಮೇಲೆ ಬಿಡಬೇಕು. ಅಗೋ, ಅಲ್ಲಿ ಒರಗಿಸಿರೋ ಬಿದಿರಿನ ತಡಿಕೆ. ಬಿಡದಿದ್ರೆ ತಟ್ಟೆಯಲ್ಲೇ ಕಸದೊಳಗೆ ಗೂಡು ಕಟ್ಟಿ ಎಲ್ಲಾ ಹಾಳು."

ಒಳಗೆ ದೊಡ್ಡಮುನಿಯಮ್ಮನ ಕೈ ನಿಧಾನವಾಯಿತು. ತಾನು ಹೇಳಿದ ಮಾತೇ ಒಂದೂ ಬಿಡದೆ ಹುಡುಗಿಯ ಬಾಯಲ್ಲಿ ಬರುತ್ತಿತ್ತು, ತನಗಿಂತ ಚೆನ್ನಾಗಿಯೇ ಬರುತ್ತಿತ್ತು.

"ಗಂಗೀ, ಸೊಪ್ಪು ಯಾರು ತರೋದು?" ಎಂದು ಒಂದು ಹುಡುಗನ ದನಿ ಕೇಳಿತು. ಕದಿರೇಶನದು.

"ನಿಮ್ಮಮ್ಮನೇ ಅಲ್ವೇನೋ."

"ಅದನ್ನ ತೊಳೆದು ಹಾಕ್ತೀರಾ?"

"ಇಲ್ಲಪ್ಪ. ಸೊಪ್ಪಲ್ಲಿ ತೇವ ಇದ್ರೆ ಹುಳ ಸಾಯ್ತದೆ. ತಂದಿದ್ದನ್ನ ಹಂಗೇ ಹಾಕೋದು."

"ಹಂಗಾದ್ರೆ ನಮ್ಮಮ್ಮ ಮುಟ್ಟಿದ ಸೊಪ್ಪು ತಿಂದ್ರೂ ಹುಳ ಕೆಡಲ್ಲ." ಹುಡುಗನ ದನಿ ತಗ್ಗಿತು. ಕೇಳಲೋ ಬೇಡವೋ ಎಂಬಂತೆ ಇತ್ತು. "ಮತ್ತೆ ನಮ್ಮಮ್ಮ ಒಳಗೆ ಬಂದ್ರೆ ಯಾಕೆ ಕೆಡ್ತದೆ?"

ಗೋಡೆಯ ಈಚೆ ದೊಡ್ಡಮುನಿಯಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. ಟೀಚರು ಏನಾದರೂ ಹೇಳುತ್ತಾಳೆ, ಇವತ್ತು ನನಗೆ ಗ್ರಹಚಾರ ಬಿಡಿಸುತ್ತಾಳೆ ಎಂದು ಕಾದಳು.

"ಗೊತ್ತಿಲ್ಲ ಕಣೋ," ಎಂದಳು ಗಂಗಿ. "ಅಜ್ಜೀನ ಕೇಳಿ ಹೇಳ್ತೀನಿ."

ಕೇಳಿಯೇ ಬಿಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಟ್‌ಬುಕ್ ಹಿಡಿದುಕೊಂಡು ಎದುರಿಗೆ ಬಂದು ಕೂತಳು.

"ರೂಢಿ ಕಣೇ," ಎಂದಳು ದೊಡ್ಡಮುನಿಯಮ್ಮ.

"ರೂಢಿ ಅಂತ ಬರ್ಕೊಳ್ಳಾ?"

"ಬರ್ಕೋ. ಇನ್ನೆಷ್ಟು ದಿನ ಬರೀತೀಯೋ ಬರ್ಕೋ ಹೋಗು." ಮಾತು ಬಾಯಿಂದ ಬಿದ್ದ ಮೇಲೆ ಮುದುಕಿಗೇ ಕಸಿವಿಸಿಯಾಯಿತು. ಗಂಗಿ ಏನೂ ಬರೆದುಕೊಳ್ಳದೆ ಪುಸ್ತಕ ಮುಚ್ಚಿದಳು.

ಬುಧವಾರ ಸೊಸೆಯ ತವರು ಆವನಿಯಿಂದ ಸುದ್ದಿ ಬಂತು. ಭಾರತಮ್ಮನ ತಂದೆ ತೀರಿಹೋಗಿದ್ದರು. ಅವಳು ಕೂಸನ್ನು ಕಂಕುಳಿಗೆ ಇಟ್ಟುಕೊಂಡು ಅಳುತ್ತ ಗಂಡನ ಜೊತೆ ಹೊರಟಳು. ಇದ್ದ ಹತ್ತಿರದ ನೆಂಟರೂ ಅದೇ ಟ್ರ್ಯಾಕ್ಟರು ಹತ್ತಿದರು. ಮೂರನೇ ದಿನದ ಹಾಲು ತುಪ್ಪ ಮುಗಿಸಿ ಶನಿವಾರ ಬರುವುದೆಂದಾಯಿತು. ಹುಳ ಹಣ್ಣಾಗುವುದು ಭಾನುವಾರಕ್ಕೆ, ಅಷ್ಟರಲ್ಲಿ ಎಲ್ಲರೂ ಬಂದಿರುತ್ತಾರೆ ಎಂದು ದೊಡ್ಡಮುನಿಯಮ್ಮ ಲೆಕ್ಕ ಹಾಕಿದ್ದಳು.

ಅವಳ ನಲವತ್ತು ವರ್ಷದ ಲೆಕ್ಕ ತಪ್ಪಿದ್ದು ಬಿಸಿಲಿನಿಂದ. ಎರಡು ದಿನ ಸುಡು ಸುಡು ಬಿಸಿಲು ಹೊಡೆಯಿತು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಸದ್ದೇ ಇಲ್ಲ. ತಟ್ಟೆಯ ಹತ್ತಿರ ಬಗ್ಗಿ ನೋಡಿದಳು. ಹುಳ ಸತ್ತಿರಲಿಲ್ಲ. ಸೊಪ್ಪು ಬಿಟ್ಟು, ತಲೆ ಎತ್ತಿ, ಅತ್ತಿತ್ತ ಆಡಿಸುತ್ತಿದ್ದವು. ಮೈಯೆಲ್ಲ ಹಳದಿ ತಿರುಗಿತ್ತು. ಎಲ್ಲ ಒಟ್ಟಿಗೆ ಹಣ್ಣಾಗಿದ್ದವು.

"ಗಂಗೀ, ಏಳೇ, ತಟ್ಟೆ ತಗೊಂಡು ಬಾ," ಎಂದು ಕೂಗಿದಳು.

ಅಜ್ಜಿ ಮೊಮ್ಮಗಳು ಮುಖ ತೊಳೆಯದೆ ಆಯಲು ಕೂತರು. ಪಕ್ಕದ ಮನೆಯವರನ್ನು ಕರೆಯುವಂತಿಲ್ಲ. ಅವರೂ ಅದೇ ದಿನ ಅದೇ ಮೊಟ್ಟೆ ತಂದವರು, ಅವರ ಮನೆಯಲ್ಲೂ ಹುಳ ತಲೆ ಎತ್ತಿದ್ದವು. ಮುದುಕಿಗೆ ಹಣ್ಣು ಹುಳ ಯಾವುದು, ಹಸಿ ಹುಳ ಯಾವುದು ಕಾಣಿಸದು. ಒಂದೊಂದನ್ನೂ ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿಯಬೇಕು. ಗಂಗಿಯ ಕೈ ಚುರುಕಾಗಿತ್ತು. ಆದರೂ ಎರಡು ಗಂಟೆ ಕಳೆಯುವ ಹೊತ್ತಿಗೆ ಅರವತ್ತು ತಟ್ಟೆಯಲ್ಲಿ ನಾಲ್ಕು ಮುಗಿದಿತ್ತು. ಮೂಲೆಯ ಒಂದು ತಟ್ಟೆಯಲ್ಲಿ ಆಗಲೇ ಕೆಲವು ಹುಳ ಕಸದೊಳಗೆ ಎಳೆ ಬಿಡತೊಡಗಿದ್ದವು.

ಸ್ಕೂಲಿನ ಗಂಟೆ ಹೊಡೆಯಿತು. ಗಂಗಿಯ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಆಯತೊಡಗಿತು. ಬೇರೆ ದಿನವಾದರೆ ಗಂಟೆ ಕೇಳಿದ ಕೂಡಲೇ ಚೀಲ ಹುಡುಕುವ ಕೈ ಅದು. ದೊಡ್ಡಮುನಿಯಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಳು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಇಬ್ಬರು ಬಂದು ನಿಂತರು. ಕರೀಮುನ್ನೀಸಾ ಮತ್ತು ಕದಿರೇಶ. ಶಾಮಲಮ್ಮನ ಕ್ಲಾಸಿನಲ್ಲಿ ಒಬ್ಬರ ಜಾಗ ಖಾಲಿಯಾದರೆ ಇಬ್ಬರು ಹೋಗಿ ಕೇಳಿಕೊಂಡು ಬರಬೇಕಿತ್ತು.

"ಗಂಗಿ ಯಾಕೆ ಬರಲಿಲ್ಲ ಅಂತ ಕೇಳ್ಕೊಂಡು ಬನ್ನಿ ಅಂದ್ರು ಅಜ್ಜಿ," ಎಂದಳು ಕರೀಮುನ್ನೀಸಾ, ದುಪಟ್ಟಾದ ಅಂಚು ಕಚ್ಚಿಕೊಂಡು.

"ಹುಳ ಹಣ್ಣಾಗಿದೆ, ಮನೇಲಿ ಯಾರೂ ಇಲ್ಲ, ಅದಕ್ಕೆ ಬರಲಿಲ್ಲ ಅಂತ ಹೇಳ್ರಿ. ಹೋಗ್ರಿ," ಎಂದು ದೊಡ್ಡಮುನಿಯಮ್ಮ ಸಿಡುಕಿದಳು. ಕದಿರೇಶ ಗೋಡೆಗೆ ಒರಗಿಸಿದ ಖಾಲಿ ಚಂದ್ರಿಕೆಗಳನ್ನು ನೋಡಿದ, ಸೂರ್ಯ ಏರಿದ್ದನ್ನು ನೋಡಿದ. ಕರೀಮುನ್ನೀಸಾಳ ಕೈ ಹಿಡಿದು ಎಳೆದುಕೊಂಡು ಓಡಿದ.

ಅರ್ಧ ಗಂಟೆಯಲ್ಲಿ ಇಡೀ ಕ್ಲಾಸು ಅಂಗಳದಲ್ಲಿತ್ತು. ಈ ಸಲ ಸಾಲೂ ಇರಲಿಲ್ಲ, ಕೊಡೆಯೂ ಇರಲಿಲ್ಲ. ಶಾಮಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಗಂಗಿ ಪಾಠ ಅರ್ಧಕ್ಕೆ ನಿಂತಿತ್ತಲ್ಲ ಅಜ್ಜಿ. ಮುಗಿಸ್ಕೊಂಡು ಹೋಗೋಣ ಅಂತ ಮಕ್ಕಳೇ ಅಂದ್ರು," ಎಂದಳು. "ಕೂಲಿಗಲ್ಲ, ಪಾಠಕ್ಕೆ ಬಂದಿದೀವಿ. ಇವತ್ತೊಂದಿನ ಅಷ್ಟೇ. ನಾಳೆ ಆ ಹುಡುಗಿ ಜಾಗ ಖಾಲಿ ಇರಬಾರದು."

"ಒಂದು ಹುಡುಗಿ ಜಾಗ ಖಾಲಿಯಾದ್ರೆ ನಿನಗೇನಮ್ಮ ನಷ್ಟ?"

"ನಾನು ಇವಳಷ್ಟಿದ್ದಾಗ ಮಾಲೂರಲ್ಲಿ ಇಟ್ಟಿಗೆ ಹೊರ್ತಿದ್ದೆ. ನಮ್ಮ ಮೇಷ್ಟ್ರು ಸೈಕಲ್ ತುಳ್ಕೊಂಡು ಇಟ್ಟಿಗೆ ಗೂಡಿನ ಹತ್ರ ಬಂದು ಕೇಳಿದ್ರು, ಯಾಕಮ್ಮ ಬರಲಿಲ್ಲ ಅಂತ. ಬೇರೆ ಏನೂ ಹೇಳ್ಲಿಲ್ಲ. ಮೂರು ದಿನ ಬಂದು ಅದನ್ನೇ ಕೇಳಿದ್ರು." ಶಾಮಲಮ್ಮ ಅಂಗಳದಲ್ಲೇ ನಿಂತಳು. ಒಳಗೆ ಬರುತ್ತೇವೆ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ.

ದೊಡ್ಡಮುನಿಯಮ್ಮ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದಳು. ಬೆನ್ನ ಹಿಂದೆ ಹುಳ ಎಳೆ ಬಿಡುತ್ತಿದ್ದವು, ಸಂಜೆಯೊಳಗೆ ಎಲ್ಲ ಮುಗಿದುಹೋಗುತ್ತದೆ. ಎದುರಿಗೆ ಇಪ್ಪತ್ತೆರಡು ಜೊತೆ ಕೈ. ಆದರೆ ಬಳೆಗಾರ ಇಣುಕಿದ ವರ್ಷವನ್ನು ಹೇಗೆ ಮರೆಯುವುದು? ನೆನೆಸಿಕೊಂಡಳು. ನೆನೆಸಿಕೊಂಡಷ್ಟೂ ಗಂಗಿ ಗೋಡೆಯಾಚೆ ಹೇಳಿದ ಮಾತೊಂದು ಅಡ್ಡ ಬಂತು. ತೇವ ಇದ್ರೆ ಹುಳ ಸಾಯ್ತದೆ. ಆ ವರ್ಷ ಹನ್ನೊಂದು ದಿನ ಮಳೆ ಹಿಡಿದಿತ್ತು. ಕೂಸಿಗೆ ಜ್ವರ, ಅತ್ತೆ ಊರಲ್ಲಿರಲಿಲ್ಲ, ಸೊಪ್ಪು ಆರಿಸಲು ಪುರುಸೊತ್ತಿಲ್ಲದೆ ನೀರು ತೊಟ್ಟಿಕ್ಕುವ ಸೊಪ್ಪನ್ನೇ ತಟ್ಟೆಗೆ ಸುರಿದವಳು ಅವಳೇ. ಬಳೆಗಾರ ಒಂದು ಲೋಟ ನೀರು ಕುಡಿದು ಹೋಗಿದ್ದ. ಅತ್ತೆ ಬಂದು ಕೇಳಿದಾಗ ಬಾಯಿಗೆ ಸಿಕ್ಕಿದವನು ಅವನು. ಹೇಳಿ ಹೇಳಿ ಅವಳೇ ಅದನ್ನು ನಂಬಿಬಿಟ್ಟಿದ್ದಳು.

ಕೈ ಚೌಕಟ್ಟಿನಿಂದ ಕೆಳಗಿಳಿಯಿತು.

"ಕೈಕಾಲು ತೊಳೀಬೇಕು," ಎಂದಳು, ಯಾರ ಮುಖವನ್ನೂ ನೋಡದೆ. "ಬೇವಿನ ಸೊಪ್ಪು ಹಾಕಿದ ನೀರಿದೆ. ಒಬ್ಬೊಬ್ರೇ ಬನ್ರಿ."

ಅವಳೇ ಚೊಂಬು ಹಿಡಿದು ಪ್ರತಿಯೊಬ್ಬರ ಕೈಗೂ ನೀರು ಹಾಕಿದಳು. ಕದಿರೇಶ ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಕೊನೆಗೆ ಬಂದ. ಎರಡು ಮಾರು ದೂರ ನಿಂತು, ಬೊಗಸೆ ಕೆಳಗೆ ಹಿಡಿದು ಚಾಚಿದ. ದೂರದಿಂದ ಸುರಿದರೆ ಅರ್ಧ ನೀರು ನೆಲಕ್ಕೆ ಹೋಗುತ್ತಿತ್ತು.

"ಇನ್ನೂ ಹತ್ರ ಬಾರೋ, ನೀರೆಲ್ಲ ಪೋಲು," ಎಂದು ಗದರಿದಳು. ಹುಡುಗ ಹತ್ತಿರ ಬಂದ. ಅವಳು ಅವನ ಮಣಿಕಟ್ಟು ಹಿಡಿದು, ಉಗುರಿನ ಸಂದಿಯ ಮಣ್ಣನ್ನು ತನ್ನ ಹೆಬ್ಬೆರಳಿನಿಂದ ತಿಕ್ಕಿ ತೆಗೆದಳು. ಅವನು ಬಾಗಿಲ ಹತ್ತಿರ ಮತ್ತೆ ನಿಂತುಬಿಟ್ಟ.

"ತಲೆ ಬಗ್ಗಿಸ್ಲಾ, ಬಾಗಿಲು ಗಿಡ್ಡ," ಎಂದಳು ದೊಡ್ಡಮುನಿಯಮ್ಮ.

ಆಮೇಲೆ ನಡೆದದ್ದು ಪಾಠವೋ ಸಂತೆಯೋ ಹೇಳುವುದು ಕಷ್ಟ. ಗಂಗಿ ಒಂದು ಹಣ್ಣು ಹುಳವನ್ನೂ ಒಂದು ಹಸಿ ಹುಳವನ್ನೂ ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು. ಹಿಡಿಯುವುದು ಹೇಗೆ, ಎಷ್ಟು ಮೆತ್ತಗೆ, ಎಲ್ಲ ಹೇಳಿದಳು. ಮೊದಮೊದಲು ಅರ್ಧ ಮಕ್ಕಳು ಅಸಹ್ಯಪಟ್ಟು ಕಿರುಚಿದರು. ಒಬ್ಬ ಎರಡು ಹುಳ ತುಳಿದು ಅಜ್ಜಿಯ ಕೈಲಿ ತಲೆಗೆ ಮೊಟಕಿಸಿಕೊಂಡ. ಕದಿರೇಶನ ಬೆರಳು ಮಾತ್ರ ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡಿದ್ದವನ ಹಾಗೆ ಓಡುತ್ತಿತ್ತು. ಶಾಮಲಮ್ಮನಿಗೆ ಆಯುವುದು ಬರಲೇ ಇಲ್ಲ. ಗಂಗಿ ಅವಳನ್ನು ಎಬ್ಬಿಸಿ, ತುಂಬಿದ ತಟ್ಟೆಗಳನ್ನು ಹೊರಗೆ ಚಪ್ಪರದ ನೆರಳಿಗೆ ಸಾಗಿಸುವ ಕೆಲಸಕ್ಕೆ ಹಾಕಿದಳು. ಟೀಚರು ಹೂಂ ಮೇಡಂ ಎಂದು ತಲೆಯಾಡಿಸಿ ಹೋದಳು.

ಚಪ್ಪರದಲ್ಲಿ ದೊಡ್ಡಮುನಿಯಮ್ಮ ಚಂದ್ರಿಕೆಗಳ ಮೇಲೆ ಹುಳ ಬಿಡುತ್ತಿದ್ದಳು. ಕರೀಮುನ್ನೀಸಾ ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, "ಅಜ್ಜಿ, ಒತ್ತೊತ್ತಾಗಿ ಬಿಡಬೇಡಿ," ಎಂದಳು.

"ಯಾಕೇ? ನಲವತ್ತು ವರ್ಷದಿಂದ ಬಿಡ್ತಿದೀನಿ."

"ಎರಡು ಹುಳ ಸೇರ್ಕೊಂಡು ಒಂದೇ ಗೂಡು ಕಟ್ತಾವೆ. ಅದರಲ್ಲಿ ಎಳೆ ಸಿಕ್ಕಾಕ್ಕೊಂಡು ಬರಲ್ಲ. ನೂಲು ತೆಗೆಯುವಾಗ ನಮ್ಮ ಅಬ್ಬಾ ನಿಮ್ಮ ಗೂಡಲ್ಲಿ ಅಂಥದ್ದು ಬಹಳ ಅಂತ ಆರಿಸಿ ಆರಿಸಿ ಪಕ್ಕಕ್ಕೆ ಹಾಕ್ತಾರೆ." ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಬೈಕೊಂಡು ಹಾಕ್ತಾರೆ."

ದೊಡ್ಡಮುನಿಯಮ್ಮ ಹುಡುಗಿಯ ಮುಖ ನೋಡಿದಳು. ನಲವತ್ತು ವರ್ಷ ಅವಳ ಗೂಡು ಬಾಗಿಲಾಚೆ ಹೋಗಿ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬಲ್ಲವರನ್ನು ಅವಳು ಹತ್ತಿರಕ್ಕೆ ಸೇರಿಸಿಯೂ ಇರಲಿಲ್ಲ. "ಎಷ್ಟು ದೂರ ಬಿಡಬೇಕು, ತೋರಿಸು," ಎಂದು ಜರುಗಿ ಜಾಗ ಕೊಟ್ಟಳು. ಕರೀಮುನ್ನೀಸಾ ಎರಡು ಬೆರಳು ಅಡ್ಡ ಇಟ್ಟು ಅಳತೆ ತೋರಿಸಿದಳು.

ಮೂರು ಗಂಟೆಗೆ ಕೊನೆಯ ತಟ್ಟೆ ಮುಗಿಯಿತು. ಶಾಮಲಮ್ಮ ಮಕ್ಕಳನ್ನು ಒಂದು ನಿಮಿಷವೂ ಹೆಚ್ಚು ನಿಲ್ಲಿಸಿಕೊಳ್ಳಲಿಲ್ಲ, ಆಟದ ಪಿರಿಯಡ್ಡು ಎಂದು ಬಯಲಿಗೆ ಓಡಿಸಿದಳು. ಗಂಗಿಯನ್ನೂ ಓಡಿಸಿದಳು.

ಮುಂದಿನ ಐದು ದಿನ ದೊಡ್ಡಮುನಿಯಮ್ಮ ಸರಿಯಾಗಿ ಉಣ್ಣಲಿಲ್ಲ. ಊರಿಂದ ಬಂದ ಮಗ ವಿಷಯ ಕೇಳಿ ಬಾಯಿ ಬಿಟ್ಟುಕೊಂಡು ನಿಂತ. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಪ್ಪರದ ಕಡೆ ಇಣುಕಿ, ಏನಾಗ್ತದೋ ಏನೋ ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು. ಐದನೇ ದಿನ ಗೂಡು ಬಿಡಿಸಿದರು. ಗಟ್ಟಿ ಹಳದಿ ಗೂಡು. ಜೋಡಿ ಹುಳದ ಗೂಡು ಹುಡುಕಿದರೆ ಒಂದು ಹಿಡಿ ಸಿಕ್ಕಿತು. ದೊಡ್ಡಮುನಿಯಮ್ಮ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಬುಟ್ಟಿಗೆ ಹಾಕಿದಳು.

ಸ್ಕೂಲಿಗೆ ಹೋಗು ಎಂದೂ ಬೇಡ ಎಂದೂ ಗಂಗಿಗೆ ಹೇಳಲಿಲ್ಲ. ಅದೇ ಆ ಹುಡುಗಿಗೆ ಸಂಕಟ. ದಸರಾ ರಜೆ ಬಂತು. ಹೊಸ ಮೊಟ್ಟೆ ಬಂತು. ರಜೆಯುದ್ದಕ್ಕೂ ಗಂಗಿ ಅಜ್ಜಿಯ ಪಕ್ಕದಲ್ಲಿ ಸೊಪ್ಪು ಹೆಚ್ಚಿದಳು, ಕಸ ತೆಗೆದಳು. ಸ್ಕೂಲು ತೆರೆಯುವ ಹಿಂದಿನ ದಿನ ಚೀಲದಿಂದ ಪುಸ್ತಕಗಳನ್ನು ತೆಗೆದು, ಒರೆಸಿ, ಮತ್ತೆ ಚೀಲಕ್ಕೇ ಹಾಕಿ ಗೂಟಕ್ಕೆ ಸಿಕ್ಕಿಸಿದಳು. ಬೀಗದ ಕೈ ಅಜ್ಜಿಯ ಸೊಂಟದಲ್ಲೇ ಇತ್ತು.

ಮಾರನೇ ದಿನ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಬಿಸಿಲು ಏರುವ ಮೊದಲೇ ಮುತ್ಯಾಲಮ್ಮ ಸೊಪ್ಪಿನ ಹೊರೆ ಹೊತ್ತು ತಂದಳು. ಎಂದಿನಂತೆ ಚಪ್ಪಡಿ ಕಲ್ಲಿನ ಮೇಲೆ ಇಳಿಸಿ, ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡು ಹೊರಟಳು.

"ಲೋಪಲಿಕಿ ರಾವೇ, ಮುತ್ಯಾಲು," ಎಂದು ದೊಡ್ಡಮುನಿಯಮ್ಮ ಕರೆದಳು. ಒಳಗೆ ಬಾರೇ ಎಂದು. ಮನಸ್ಸು ತುಂಬಿದಾಗ ಅವಳ ಬಾಯಲ್ಲಿ ತವರಿನ ತೆಲುಗೇ ಬರುತ್ತಿತ್ತು.

ಮುತ್ಯಾಲಮ್ಮ ತಮಾಷೆ ಎಂದುಕೊಂಡಳು. ಅಲ್ಲ ಎಂದು ಗೊತ್ತಾದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ಬೇಡ ದೊಡ್ಡವ್ವ. ನಾಳೆ ಹುಳಕ್ಕೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರ್ತದೆ."

"ಬರಲ್ಲ. ಹಿಂದೆ ಒಂದ್ಸಲ ಇಡೀ ಬೆಳೆ ಸತ್ತಿದ್ದು ನನ್ನ ಕೈಯಿಂದ ಕಣೇ. ಒದ್ದೆ ಸೊಪ್ಪು ಹಾಕಿದ್ದೆ. ಬಳೆಗಾರನ್ನ ಬೈಕೊಂಡು ತಿರುಗಿದೆ." ಹಾಗೆಂದು ಸೊಂಟದಿಂದ ಬೀಗದ ಕೈ ಬಿಚ್ಚಿ, ದಾರದ ಸಮೇತ ಅವಳ ಅಂಗೈಯಲ್ಲಿ ಇಟ್ಟಳು. "ನನ್ನ ಕಣ್ಣು ಕಾಣಲ್ಲ. ಒಳಗಿನ ಕೆಲಸಕ್ಕೆ ಬೇರೆ ಕೂಲಿ, ಕೋದಂಡಂಗೆ ಹೇಳಿದೀನಿ. ಹುಳ ನೋಡ್ಕೋ."

ಮುತ್ಯಾಲಮ್ಮ ಅಂಗೈ ಮಡಚಲೂ ಇಲ್ಲ, ಹಿಂದಕ್ಕೆ ಕೊಡಲೂ ಇಲ್ಲ. ಕೊನೆಗೆ ಅದನ್ನು ಸೆರಗಿನ ತುದಿಗೆ ಕಟ್ಟಿ, ಎರಡು ಗಂಟು ಹಾಕಿದಳು. ನೀರಿನ ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡು ಬಂದಳು.

ಗಂಗಿ ಹೊಸ್ತಿಲಲ್ಲಿ ಕಸಬರಿಕೆ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಕೈ ನಿಂತಿತು.

"ಏನೇ ನೋಡ್ತಾ ನಿಂತಿದೀಯ," ಎಂದಳು ದೊಡ್ಡಮುನಿಯಮ್ಮ. "ಗಂಟೆ ಕೇಳಿಸಲಿಲ್ವಾ? ಆಮೇಲೆ ಇಬ್ಬರು ಬರ್ತಾರೆ ನನ್ನ ಕೇಳೋಕೆ. ಆ ಕದಿರೇಶಂಗೆ ಉತ್ತರ ಕೊಡಬೇಕಿತ್ತಲ್ಲ, ಬರ್ಕೊಂಡು ಹೋಗು. ಕೆಡಲ್ಲ ಅಂತ ಬರ್ಕೋ."

ಕಸಬರಿಕೆ ಅಲ್ಲೇ ಬಿತ್ತು. ಗೂಟದಿಂದ ಚೀಲ ಕಿತ್ತುಕೊಂಡು ಹುಡುಗಿ ಓಡಿದಳು. ಜಡೆ ಒಂದು ಕಟ್ಟಿತ್ತು, ಇನ್ನೊಂದು ಬಿಚ್ಚಿತ್ತು. ಹುಣಸೆಮರದ ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಮರೆಯಾದಳು.

ಮುತ್ಯಾಲಮ್ಮ ಹೊರೆಯಿಂದ ಒಂದು ತೆಕ್ಕೆ ಸೊಪ್ಪು ತಬ್ಬಿಕೊಂಡು, ತಲೆ ಬಗ್ಗಿಸಿ, ಒಳಗೆ ಹೋದಳು. ತಟ್ಟೆಗಳು ಸರಿಯುವ ಸದ್ದಾಯಿತು. ಆಮೇಲೆ ಅದೂ ನಿಂತಿತು.

ದೊಡ್ಡಮುನಿಯಮ್ಮನಿಗೆ ಮಾಡಲು ಏನೂ ಇರಲಿಲ್ಲ. ಖಾಲಿ ಸೊಂಟವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅಂಗಳದಲ್ಲಿ ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, ಕುಂಟುತ್ತ ಗೋಡೆಯ ಹತ್ತಿರ ಹೋದಳು. ಸೆರಗು ಸರಿಸಿ, ಮಕ್ಕಳು ನಿಂತಿದ್ದ ಜಾಗದಲ್ಲಿ, ಮಣ್ಣಿಗೆ ಕಿವಿ ಇಟ್ಟಳು.